ನಿಂತುಹೋದ ಬಿಯರ್ ಉತ್ಸವ ಮತ್ತೆ ಶುರುವಾಗಬೇಕಾದರೆ: ಕೆಗ್, ಗ್ಯಾಸ್, ಐಸ್ ಲೆಕ್ಕ

ಕೆಲವು ವರ್ಷ ನಿಂತುಹೋಗಿದ್ದ ಬಿಯರ್ ಉತ್ಸವವನ್ನು ಮತ್ತೆ ಮಾಡೋಣ ಎಂಬ ಮಾತು ಎದ್ದ ಕೂಡಲೇ ಎಲ್ಲರೂ ಪೋಸ್ಟರ್, ಬ್ಯಾಂಡು, ತಾರೀಖಿನ ಹಿಂದೆ ಬೀಳುತ್ತಾರೆ. ನಾನು ನೋಡಿಕೊಳ್ಳುವುದು ಕೌಂಟರಿನ ಹಿಂಬದಿ. ಅಲ್ಲಿಂದ ನೋಡಿದರೆ ಮೊದಲ ಕೆಲಸ ಗೋದಾಮಿನಲ್ಲಿರುವ ಹಳೇ ಸಾಮಾನಿನದು. ಅದು ಪ್ರೆಶರ್ ತಡೆಯುತ್ತದೆ ಎಂದು ಖಾತ್ರಿಯಾಗುವ ತನಕ ತಾರೀಖು ಹೊರಗೆ ಬಿಡಬಾರದು.

ಪ್ಲಾಸ್ಟಿಕ್ ಬಿಯರ್ ಲೈನುಗಳನ್ನು (ಬಿಯರ್ ಹರಿದು ಬರುವ ಕೊಳವೆಗಳು) ನೋಡುವುದೂ ಬೇಡ, ಎಸೆಯಿರಿ. ಒಳಗೆ ಒಣಗಿದ ಬಿಯರಿನ ವಾಸನೆ ಏನು ಮಾಡಿದರೂ ಹೋಗುವುದಿಲ್ಲ. ಕೆಗ್ ಎಂಬ ಬಿಯರ್ ಪೀಪಾಯಿಯ ಬಾಯಿಗೆ ಲೈನನ್ನೂ ಗ್ಯಾಸನ್ನೂ ಜೋಡಿಸುವ ಕಪ್ಲರ್‌ಗಳ ವಾಷರ್, ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ. ಎಲ್ಲವನ್ನೂ ಬದಲಿಸಿ, ಫುಡ್ ಗ್ರೇಡ್ ಗ್ರೀಸ್ ತೆಳ್ಳಗೆ ಸವರಿ. ಬಿಯರನ್ನು ಟ್ಯಾಪಿಗೆ ತಳ್ಳುವ ಗ್ಯಾಸ್, ಅಂದರೆ ಕಾರ್ಬನ್ ಡೈಆಕ್ಸೈಡ್; ಅದರ ಸಿಲಿಂಡರಿನ ಹೆಗಲ ಮೇಲೆ ಪರೀಕ್ಷೆಯ ತಾರೀಖು ಕೊರೆದಿರುತ್ತದೆ. ಅವಧಿ ಮುಗಿದಿದ್ದರೆ ತುಂಬಿಸಿಕೊಡುವುದಿಲ್ಲ, ಇದು ಕೊನೆಯ ವಾರದಲ್ಲಿ ಗೊತ್ತಾದರೆ ಕಥೆ ಮುಗಿಯಿತು. ಗ್ಯಾಸಿನ ಪ್ರೆಶರ್ ಹದ ಮಾಡುವ ರೆಗ್ಯುಲೇಟರನ್ನು 30 ಪಿಎಸ್‌ಐಗೆ (ಪಿಎಸ್‌ಐ ಪ್ರೆಶರಿನ ಅಳತೆ) ಇಟ್ಟು, ಔಟ್‌ಲೆಟ್ ಮುಚ್ಚಿ ಒಂದು ಗಂಟೆ ಬಿಡಿ. ಮುಳ್ಳು ತಾನಾಗಿ ಮೇಲೇರಿದರೆ ಒಳಗಿನ ಸೀಟ್ ಸವೆದಿದೆ. ಅದನ್ನು ಬಳಸಲೇಬೇಡಿ. ಆಮೇಲೆ ಸಿಲಿಂಡರಿನ ವಾಲ್ವ್ ಮುಚ್ಚಿ ನೋಡಿ: ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ಸೋಪಿನ ನೀರು ಹಚ್ಚಿದರೆ ಜಾಗ ಸಿಗುತ್ತದೆ.

ಐಸ್ ತುಂಬುವ ಕೂಲಿಂಗ್ ಡಬ್ಬಿಯೊಳಗಿನ ಸ್ಟೀಲ್ ಕಾಯಿಲ್ (ಬಿಯರ್ ಹಾದು ತಣ್ಣಗಾಗುವ ಸುರುಳಿ ಕೊಳವೆ) ಮಾತ್ರ ಉಳಿಸಿಕೊಳ್ಳುವಂಥದ್ದು. 2% ಕಾಸ್ಟಿಕ್ ಸೋಡಾ ದ್ರಾವಣವನ್ನು ಪಂಪಿನಲ್ಲಿ 15-20 ನಿಮಿಷ ತಿರುಗಿಸಿ, ನೀರು ಹಾಯಿಸಿ, ನಂತರ ಬಿಯರ್ ಕಲ್ಲು (ಒಳಗೆ ಗಟ್ಟಿಯಾಗಿ ಕಟ್ಟಿಕೊಂಡ ಪದರ) ಕರಗಲು ಫಾಸ್ಫಾರಿಕ್ ಆಸಿಡ್ ಇರುವ ಕ್ಲೀನರ್, ಮತ್ತೆ ನೀರು. ಕಾಸ್ಟಿಕ್ ಮತ್ತು ಆಸಿಡ್ ಒಂದಕ್ಕೊಂದು ಸೇರಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಹೊರಬರುವ ನೀರಿನ ಪಿಎಚ್ ಕೊಳಾಯಿ ನೀರಿನದರಷ್ಟೇ ಆದಾಗ ನಿಲ್ಲಿಸಿ. ಬ್ಲೀಚ್ ಬೇಡ, ಕ್ಲೋರಿನ್ ಸ್ಟೀಲನ್ನು ತಿನ್ನುತ್ತದೆ.

ಇನ್ನು ಎಷ್ಟು ಬಿಯರ್? ಐದು ಗಂಟೆಯ ಸೆಷನ್ನಿಗೆ ತಲೆಗೆ 1.2 ಲೀಟರ್ ಹಿಡಿಯುತ್ತೇನೆ. 600 ಜನಕ್ಕೆ 720 ಲೀಟರ್, ನೊರೆ ಮತ್ತು ಲೈನಿನಲ್ಲಿ ಹೋಗುವುದಕ್ಕೆ 10% ಸೇರಿಸಿದರೆ ಸುಮಾರು 790. 30 ಲೀಟರಿನ ಕೆಗ್ ಆದರೆ 27. ದೊಡ್ಡ 50 ಲೀಟರ್ ಕೆಗ್ ಅಗ್ಗ ಎನಿಸಬಹುದು, ಆದರೆ ತುಂಬಿದಾಗ 60 ಕಿಲೋ ದಾಟುತ್ತದೆ, ಮೇಲಾಗಿ ಯಾರೂ ಕೇಳದ ಬಗೆಯದು ಅರ್ಧ ಉಳಿದು ಚರಂಡಿಗೆ ಹೋಗುತ್ತದೆ. ಮತ್ತೆ ಶುರುಮಾಡುವ ವರ್ಷ ಎಂಟು-ಹತ್ತು ಬಗೆ ಸಾಕು. ಹಳೇ ಉತ್ಸವದಲ್ಲಿ ಮೂವತ್ತಿತ್ತು ಎಂದು ವಾದ ಮಾಡುವವರು ಕಪ್ಲರ್ ಹೊಂದಿಸಲು ಬರುವುದಿಲ್ಲ. ಕಪ್ಲರಿನ ವಿಷಯ ಬಂತಲ್ಲ, ಪ್ರತಿ ಬ್ರೂವರಿಯಿಂದಲೂ ಬರವಣಿಗೆಯಲ್ಲಿ ಕೇಳಿಕೊಳ್ಳಿ, ಅವರ ಕೆಗ್‌ಗೆ ಯಾವ ಬಗೆಯ ಕಪ್ಲರ್ ಬೇಕು: ಎಸ್, ಡಿ, ಎ, ಜಿ, ಇಲ್ಲ ಕೀಕೆಗ್? ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಪ್ರತಿ ಬಗೆಯದೂ ಒಂದು ಹೆಚ್ಚುವರಿ ಇರಲಿ. ನೈಟ್ರೋಜನ್ ಹಾಕುವ ಸ್ಟೌಟ್ ಎಂಬ ಕಪ್ಪು ಬಿಯರಿಗೆ ಗ್ಯಾಸೂ ಬೇರೆ, ಟ್ಯಾಪೂ ಬೇರೆ. ಮೊದಲ ವರ್ಷ ಅದರ ಸಹವಾಸ ಬೇಡ.

ತಂಪು ಕಾಯುವುದೇ ಅಸಲು ಕೆಲಸ. ಕೆಗ್‌ಗಳು ಎರಡು ದಿನ ಮೊದಲೇ ಬಂದು ಕೋಲ್ಡ್ ರೂಮಿನಲ್ಲಿ ಕೂರಬೇಕು. 24 ಡಿಗ್ರಿಯಲ್ಲಿ ಬಂದ 50 ಲೀಟರ್ ಕೆಗ್ 4 ಡಿಗ್ರಿಗೆ ಇಳಿಯಲು ಒಂದು ದಿನಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಒಂದು ಲೀಟರ್ ಬಿಯರನ್ನು 12 ಡಿಗ್ರಿಯಿಂದ 4ಕ್ಕೆ ತರಲು 100 ಗ್ರಾಂ ಐಸ್ ಕರಗಬೇಕು, 24ರಿಂದಾದರೆ 250 ಗ್ರಾಂ. ಬಯಲಿನ ಬಿಸಿಲಿಗೆ ಇದರ ಎರಡರಷ್ಟು ತರಿಸಿ. ಕಾಯಿಲ್ ಇರುವ ಡಬ್ಬಿಗೆ ಬರೀ ಐಸ್ ಸುರಿಯಬೇಡಿ, ಕಾಯಿಲ್ ಮುಳುಗುವಷ್ಟು ನೀರೂ ಇರಬೇಕು. ಗಾಳಿ ತಾಗಿದ ಸುತ್ತು ತಣ್ಣಗಾಗದು. ಕಾಯಿಲ್ ಬದಲು ಲೋಹದ ಪ್ಲೇಟ್ ಇರುವ ಡಬ್ಬಿಗಾದರೆ ಉಲ್ಟಾ: ಕರಗಿದ ನೀರನ್ನು ಆಗಾಗ ಹೊರಗೆ ಬಿಡಬೇಕು.

ಕೋಲ್ಡ್ ರೂಮಿನಿಂದ ಚಿಕ್ಕ ಲೈನಿನಲ್ಲಿ ನೇರ ಟ್ಯಾಪಿಗೆ ಬರುವ ಲೇಗರ್ ಬಗೆಯ ಬಿಯರಿಗೆ 4 ಡಿಗ್ರಿಯಲ್ಲಿ 12 ಪಿಎಸ್‌ಐ ಸಾಕು. 30 ಮೀಟರ್ ಕಾಯಿಲ್ ಹಾದು ಬರಬೇಕಾದರೆ 25ರಿಂದ 35 ಬೇಕು, ಏಕೆಂದರೆ ಕಾಯಿಲ್ ಪ್ರೆಶರನ್ನು ನುಂಗುತ್ತದೆ. ಅರ್ಧ ಲೀಟರ್ ಗ್ಲಾಸ್ ಸುಮಾರು 8 ಸೆಕೆಂಡಿನಲ್ಲಿ ತುಂಬಿದರೆ ಹದ ಸರಿ. ಇಲ್ಲೇ ಹೊಸಬರು ಎಡವುವುದು: ನೊರೆ ಬಂದ ಕೂಡಲೇ ಪ್ರೆಶರ್ ಇಳಿಸುತ್ತಾರೆ. ಆಗ ಬಿಯರಿನಲ್ಲಿ ಕರಗಿದ್ದ ಗ್ಯಾಸ್ ದಾರಿಯಲ್ಲೇ ಬಿಟ್ಟುಕೊಂಡು ನೊರೆ ಇನ್ನೂ ಹೆಚ್ಚಾಗುತ್ತದೆ. ಮೊದಲು ಲೈನ್ ನೋಡಿ. ಕಪ್ಲರಿನ ಹತ್ತಿರವೇ ಗುಳ್ಳೆ ಕಂಡರೆ ವಾಷರ್ ಕೆಟ್ಟಿದೆ ಅಥವಾ ಕೆಗ್ ಬಿಸಿಯಾಗಿದೆ. ಮೊದಲ ಗ್ಲಾಸ್ ಮಾತ್ರ ನೊರೆಯಾದರೆ ಟ್ಯಾಪ್ ಬಿಸಿಲಿಗೆ ಕಾದಿದೆ. ಎಲ್ಲ ಗ್ಲಾಸೂ ನೊರೆಯೇ ಆದರೆ ಡಬ್ಬಿಗೆ ಐಸ್ ಹಾಕಿ, ಕೈಯಿಂದ ಕಲಕಿ, ಪ್ರೆಶರ್ 2-3 ಪಿಎಸ್‌ಐ ಏರಿಸಿ. ಟ್ಯಾಪ್ ಅರ್ಧ ತೆರೆದರೂ ನೊರೆಯೇ. ಒಂದೇ ಏಟಿಗೆ ಪೂರ್ತಿ ತೆರೆಯಬೇಕು. ಹೊತ್ತು ತಂದು ಕುಲುಕಿದ ಕೆಗ್‌ಗೆ ಕೆಲವು ಗಂಟೆ ವಿಶ್ರಾಂತಿ ಕೊಡದೆ ಜೋಡಿಸಬೇಡಿ.

30 ಪಿಎಸ್‌ಐನಲ್ಲಿ 30 ಲೀಟರಿನ ಒಂದು ಕೆಗ್ ಖಾಲಿ ಮಾಡಲು 170-180 ಗ್ರಾಂ ಗ್ಯಾಸ್ ಬೇಕು. ಹಾಗಾಗಿ 27 ಕೆಗ್‌ಗೆ 10 ಕಿಲೋದ ಒಂದು ಸಿಲಿಂಡರ್ ಲೆಕ್ಕಕ್ಕೆ ಸಾಕಾದರೂ ಎರಡು ಇಡಿ, ಸೋರುವಿಕೆಗೆ ಲೆಕ್ಕವಿಲ್ಲ. ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗಿಯಿರಿ. ಈ ಗ್ಯಾಸ್ ಗಾಳಿಗಿಂತ ಭಾರ, ಮುಚ್ಚಿದ ಕೋಲ್ಡ್ ರೂಮಿನಲ್ಲಿ ಸೋರಿದರೆ ನೆಲದ ಮಟ್ಟದಲ್ಲಿ ತುಂಬಿ ಉಸಿರು ಕಟ್ಟಿಸುತ್ತದೆ. ಅಲಾರಂ ಇಲ್ಲದಿದ್ದರೆ ಸಿಲಿಂಡರ್ ಹೊರಗೇ ಇರಲಿ. ಆಗಲೂ ಒಳಗಿನ ಕೆಗ್ ಕಡೆ ಸೋರಬಹುದು, ಬಾಗಿಲು ತೆರೆದು ಗಾಳಿಯಾಡಿಸಿಯೇ ಒಳಗೆ ಹೋಗಿ.

ಎರಡು ದಿನದ ಉತ್ಸವವಾದರೆ ರಾತ್ರಿ ಗ್ಯಾಸ್ ಮುಚ್ಚಿ, ಕೆಗ್‌ನ ಪ್ರೆಶರನ್ನು 12ಕ್ಕೆ ಇಳಿಸಿ. 30ರಲ್ಲೇ ಬಿಟ್ಟರೆ ತಣ್ಣನೆಯ ಬಿಯರ್ ರಾತ್ರಿಯಿಡೀ ಗ್ಯಾಸ್ ಹೀರಿಕೊಂಡು ಬೆಳಗ್ಗೆ ಹತೋಟಿಗೆ ಬರುವುದಿಲ್ಲ. 6 ಮಿಲಿಮೀಟರ್ ಒಳವ್ಯಾಸದ 30 ಮೀಟರ್ ಕಾಯಿಲಿನಲ್ಲಿ ಸುಮಾರು 850 ಮಿಲಿ ಬಿಯರ್ ನಿಂತಿರುತ್ತದೆ, ಬಗೆ ಬದಲಿಸುವಾಗಲೆಲ್ಲ ಅಷ್ಟು ನಷ್ಟ. ಆದ್ದರಿಂದ ಒಂದು ಟ್ಯಾಪಿಗೆ ಒಂದೇ ಬಗೆ. ಕೊನೆಯ ದಿನ ಜನ ಹೋದ ಮೇಲೆ, ಎಷ್ಟೇ ಸುಸ್ತಾಗಿದ್ದರೂ, ಅದೇ ರಾತ್ರಿ ಲೈನುಗಳಿಗೆ ನೀರು, ಕಾಸ್ಟಿಕ್, ಮತ್ತೆ ನೀರು ಹಾಯಿಸಿ, ಗ್ಯಾಸಿನಿಂದ ಊದಿ ಒಣಗಿಸಿ. ಟ್ಯಾಪ್‌ಗಳನ್ನು ಬಿಚ್ಚಿಯೇ ಡಬ್ಬಕ್ಕೆ ಹಾಕಿ.