‘ಬೆಲೆನಾ’: ಒಂದು ವಿಷಗಿಡದ ಹೆಸರಿನ ಬೇರು ಹಿಡಿಯುವುದು ಹೇಗೆ?

ಯಾರಾದರೂ ತಲೆಬುಡವಿಲ್ಲದೆ ಮಾತಾಡಿದರೆ ರಷ್ಯನ್ನರು ‘ಬೆಲೆನಾ ತಿಂದಿದ್ದೀಯಾ?’ ಎಂದು ಬೈಯುತ್ತಾರೆ. ದತ್ತೂರವನ್ನು ಉಮ್ಮತ್ತ (ಸಂಸ್ಕೃತದ ಉನ್ಮತ್ತ, ಅಂದರೆ ಹುಚ್ಚುಹಿಡಿದದ್ದು) ಎಂದ ನಮಗೆ ಇದು ಹೊಸದೇನಲ್ಲ.

ಮೊದಲು ಗಿಡವನ್ನು ಖಚಿತಪಡಿಸಿಕೊಳ್ಳಿ, ಪದ ಆಮೇಲೆ. ಬೆಲೆನಾ ಎಂದರೆ ಹಯೋಸಯಾಮಸ್ ನೈಜರ್, ಗ್ರಂಧಿಗೆ ಅಂಗಡಿಯ ಖುರಾಸಾನಿ ಓಮ. ಹೆಸರಷ್ಟೇ ಓಮ, ಗಿಡ ದತ್ತೂರದ ದಾಯಾದಿ. ಪೋಲಿಷ್‌ನ ‘ಬ್ಯೆಲುನ್’ ಇದೇ ಪದದ ನೆಂಟ, ಆದರೆ ಅಲ್ಲಿ ಅದು ದತ್ತೂರ. ಬೆಲೆನಾಗೆ ಅವರು ‘ಲುಲೆಕ್’ ಎನ್ನುತ್ತಾರೆ. ನಿಘಂಟಿನ ಅರ್ಥವನ್ನಷ್ಟೇ ನೆಚ್ಚಿದರೆ ನೆಂಟಸ್ತಿಕೆ ಕೈತಪ್ಪುತ್ತದೆ.

ಎಲ್ಲರೂ ಎಡವುವ ಕಲ್ಲು ‘ಬೆಲಿಯ್’, ಬಿಳಿ. ಅದರಿಂದಲೇ ಬೆಲೆನಾ ಬಂತೆಂದು ಹಲವರ ಊಹೆ. 1918ರ ಲಿಪಿ ಸುಧಾರಣೆಗೆ ಮುಂಚಿನ ಕಾಗುಣಿತ ನೋಡಿ: ‘ಬಿಳಿ’ಯಲ್ಲಿ ಯಾತ್ (ѣ) ಎಂಬ ಬೇರೆಯೇ ಅಕ್ಷರವಿತ್ತು, ಬೆಲೆನಾದಲ್ಲಿ ಸಾದಾ ‘ಎ’. ಸುಧಾರಣೆ ಎರಡನ್ನೂ ಒಂದಾಗಿಸಿದ್ದರಿಂದ ಈ ಗೊಂದಲ. ಹೂವೂ ಬಿಳಿಯಲ್ಲ, ಮಾಸಲು ಹಳದಿ, ಮೇಲೆ ನೇರಳೆ ನರಗಳು.

ಇನ್ನು ಹಾಲಿನ ಪರೀಕ್ಷೆ, ನನ್ನ ಮಟ್ಟಿಗೆ ಇದೇ ಗಟ್ಟಿ. ರಷ್ಯನ್, ಚೆಕ್ ಮೊದಲಾದ ಭಾಷೆಗಳ ತಾಯಿನುಡಿಯಾದ ಮೂಲ ಸ್ಲಾವಿಕ್‌ನಲ್ಲಿ ಹಾಲಿಗೆ *ಮೆಲ್ಕೊ (ನಕ್ಷತ್ರ ಗುರುತು ಲಿಖಿತ ದಾಖಲೆಯಿಲ್ಲದ, ಊಹಿಸಿ ಕಟ್ಟಿದ ರೂಪಕ್ಕೆ). ಅದು ರಷ್ಯನ್‌ನಲ್ಲಿ ‘ಮೊಲೊಕೊ’, ಬಲ್ಗೇರಿಯನ್‌ನಲ್ಲಿ ‘ಮ್ಲ್ಯಾಕೊ’, ಚೆಕ್‌ನಲ್ಲಿ ‘ಮ್ಲೇಕೊ’ ಆಯಿತು. ಇದೇ ಅಚ್ಚಿಗೆ *ಬೆಲ್ನ್ ಹಾಕಿ. ಬಲ್ಗೇರಿಯನ್ ‘ಬ್ಲ್ಯಾನ್’ ಸರಿಯಾಗಿ ಕೂರುತ್ತದೆ (ಅದಕ್ಕೆ ‘ಕನಸು’ ಎಂಬ ಅರ್ಥವೂ ಇದೆ!). ಚೆಕ್ ‘ಬ್ಲೀನ್’ ಕೂಡ ಕೂರುತ್ತದೆ, ಅದರ ‘ಈ’ ಆಮೇಲೆ ‘ಏ’ಯಿಂದ ಆದದ್ದು. ರಷ್ಯನ್‌ನಲ್ಲಿ ಮಾತ್ರ ‘ಬೊಲೊನ್’ ಬರಬೇಕಿತ್ತು, ಬಂದಿಲ್ಲ. ಹಾಗಾಗಿ ಲ-ನ ನಡುವೆ ಮೊದಲಿಂದಲೇ ಸ್ವರವಿದ್ದ *ಬೆಲೆನ ಎಂಬ ಇನ್ನೊಂದು ರೂಪವನ್ನೂ ಇಟ್ಟುಕೊಳ್ಳಬೇಕು. ಫಾಸ್ಮರ್ ಬರೆದ ರಷ್ಯನ್ ವ್ಯುತ್ಪತ್ತಿ ನಿಘಂಟಿನಲ್ಲಿ ರಷ್ಯನ್ ಪದವನ್ನೇ ಹುಡುಕಿ. 1974ರಲ್ಲಿ ಮಾಸ್ಕೋದಿಂದ ಹೊರಡತೊಡಗಿದ ಸ್ಲಾವಿಕ್ ವ್ಯುತ್ಪತ್ತಿ ನಿಘಂಟಿನಲ್ಲಾದರೆ ನಕ್ಷತ್ರದ ರೂಪ ಹಿಡಿದು ಹೋಗಬೇಕು.

ಕೊನೆಗೆ ಹೊರಗಿನ ನೆಂಟರು: ಹಳೆ ಇಂಗ್ಲಿಷ್ ‘ಬೆಯೊಲೊನೆ’, ಹಳೆ ಜರ್ಮನ್ ‘ಬಿಲಿಸಾ’, ಗಾಲ್ (ಇಂದಿನ ಫ್ರಾನ್ಸ್‌ನ ಪ್ರಾಚೀನ) ಜನರ ‘ಬೆಲೆನುಂಟಿಯಾ’. ಸ್ಲಾವಿಕ್ ‘ಬ’ಗೆ ಜರ್ಮನ್ ‘ಬ’ ಸಿಕ್ಕರೆ ಇವುಗಳ ಹಿಂದಿನ ಸಮಾನ ಮೂಲಭಾಷೆಯಲ್ಲಿ ‘ಭ’ ಇದ್ದಿರಬಹುದು; ರಷ್ಯನ್ ಬ್ರಾತ್, ಜರ್ಮನ್ ಬ್ರೂಡರ್, ಸಂಸ್ಕೃತದ ಭ್ರಾತೃ ನೆನೆಯಿರಿ. ಆದ್ದರಿಂದ ಒಬ್ಬರಿಂದೊಬ್ಬರು ಎರವಲು ಪಡೆದರೆನ್ನಲೇಬೇಕಿಲ್ಲ. ಆದರೆ ತಲೆ ಒಂದಾದರೂ ಬಾಲಗಳು ಬೇರೆಬೇರೆ, ಎಲ್ಲಕ್ಕೂ ಒಂದೇ ಪೂರ್ಣ ಮೂಲರೂಪ ಬರೆಯಲು ಹೋಗಬೇಡಿ.