ಮುಟ್ಟು ನಿಂತ ಮೇಲೂ ಎದೆ ನೋಡಿಕೊಳ್ಳಿ

ಕುಮಟಾ ತಾಲೂಕಿನಲ್ಲಿ ಮೂವತ್ತೊಂದು ವರ್ಷ ಆರೋಗ್ಯ ಸಹಾಯಕಿಯಾಗಿ ಮನೆಮನೆ ತಿರುಗಿದವಳು ನಾನು. ಚೀಲದಲ್ಲಿ ಸದಾ ಅರ್ಹ ದಂಪತಿಗಳ, ಅಂದರೆ ಮಕ್ಕಳಾಗುವ ವಯಸ್ಸಿನವರ, ರಿಜಿಸ್ಟರ್. ಹೆಂಗಸಿಗೆ 49 ದಾಟಿತೆಂದರೆ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದೆ. ಬಸಿರು, ಬಾಣಂತನ, ಕಾಪರ್-ಟಿ ಎಲ್ಲ ಮುಗಿಯಿತಲ್ಲ. ಸ್ತನ ಕ್ಯಾನ್ಸರಿನ ಅಪಾಯ ಆ ಗೆರೆಯ ಆಚೆಗೂ ಏರುತ್ತಲೇ ಹೋಗುತ್ತದೆ ಎಂಬುದು ನನಗೆ ನಾಟಿದ್ದು ನಮ್ಮ ದೊಡ್ಡಾಯಿಯ ಎದೆಯಲ್ಲಿ ಗಂಟು ಸಿಕ್ಕಾಗ. ಅವಳಿಗಾಗ 68. ಎಂಟು ತಿಂಗಳು ಯಾರಿಗೂ ಹೇಳದೆ ಲೇಪ ಹಚ್ಚಿಕೊಂಡಿದ್ದಳು. ನೋವೇ ಇರಲಿಲ್ಲವಂತೆ. ಊರೆಲ್ಲ ಕೇಳಿಕೊಂಡು ಬಂದ ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

ವಯಸ್ಸಿಗೂ ಇದಕ್ಕೂ ಏನು ಸಂಬಂಧ? ಹರೆಯದಿಂದಲೇ ಮೊಲೆಯ ಜೀವಕೋಶಗಳು ಹಾರ್ಮೋನಿನ ಏರಿಳಿತಕ್ಕೆ ಸಿಕ್ಕು ಒಂದು ಎರಡಾಗುತ್ತಿರುತ್ತವೆ. ಹಾಗೆ ಆಗುವಾಗ ಡಿಎನ್‌ಎಯಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಉಳಿಯುತ್ತದೆ, ವರ್ಷ ಕಳೆದಂತೆ ಕೂಡುತ್ತ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. 12ರೊಳಗೆ ಮೈನೆರೆದವರಿಗೆ, 55ರ ನಂತರ ಮುಟ್ಟು ನಿಂತವರಿಗೆ ಅಪಾಯ ತುಸು ಹೆಚ್ಚು. ಅಂಡಾಶಯ ಸುಮ್ಮನಾದ ಮೇಲೂ ಮೈಯ ಕೊಬ್ಬು ಈಸ್ಟ್ರೋಜನ್ ತಯಾರಿಸುತ್ತದೆ, ಮೊಲೆಯ ಕೋಶಗಳನ್ನು ಬೆಳೆಸುವ ಹಾರ್ಮೋನು ಅದು. ಹಾಗಾಗಿ ಮುಟ್ಟು ನಿಂತ ಮೇಲೆ ತೂಕ ಏರಗೊಡಬೇಡಿ. ಅಮೆರಿಕದ ಲೆಕ್ಕದಲ್ಲಿ ಮುಂದಿನ ಹತ್ತು ವರ್ಷದೊಳಗೆ ಈ ಕಾಯಿಲೆ ಬರುವ ಸಾಧ್ಯತೆ 30ರ ಹೆಂಗಸರಲ್ಲಿ ಸುಮಾರು 200ಕ್ಕೊಬ್ಬರಿಗೆ, 60ರವರಲ್ಲಿ 30ಕ್ಕೊಬ್ಬರಿಗೆ. ನಮ್ಮ ದೇಶದಲ್ಲಿ ಒಟ್ಟು ಪ್ರಮಾಣ ಅಷ್ಟಿಲ್ಲ. ಆದರೆ ಇಲ್ಲಿ ಕಾಯಿಲೆ ಬಿದ್ದವರ ಸರಾಸರಿ ವಯಸ್ಸು ಅಲ್ಲಿಗಿಂತ ಸುಮಾರು ಹತ್ತು ವರ್ಷ ಕಡಿಮೆ. ಅದಕ್ಕೇ 60ರ ತನಕ ಕಾಯಬೇಡಿ.

30 ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, 65ರವರೆಗೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ ಮಾಡಿಸಿಕೊಳ್ಳಿ. ಕೈಯಿಂದ ನೋಡಿದರೆ ಏನು ಗೊತ್ತಾಗುತ್ತದೆ ಅನ್ನಬೇಡಿ. ಮುಂಬೈಯಲ್ಲಿ ತರಬೇತಾದ ಹೆಂಗಸರು ಎರಡು ವರ್ಷಕ್ಕೊಮ್ಮೆ ಹೀಗೆ ಕೈಯಿಂದಲೇ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಶೇಕಡಾ 30ರಷ್ಟು ಇಳಿದಿತ್ತು. ನನ್ನಂಥವರ ಕೈ ಮಾಡಿದ ಕೆಲಸ ಅದು. ಓದಿದ ದಿನ ನಿದ್ದೆ ಬರಲಿಲ್ಲ.

ಮನೆಯಲ್ಲಿ ನೀವೂ ನೋಡಿಕೊಳ್ಳಿ. ಮುಟ್ಟಾಗುವವರು ಮುಟ್ಟು ಮುಗಿದು ಎರಡು ಮೂರು ದಿನಕ್ಕೆ. ನಿಂತವರು ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಬೇಕು: ಸಂಕಷ್ಟಿಯಾಗಲಿ, ಪಿಂಚಣಿ ಬರುವ ದಿನವಾಗಲಿ. ಬಚ್ಚಲಲ್ಲಿ ಮೈಗೆ ಸೋಪು ಇರುವಾಗ, ನಡುವಿನ ಮೂರು ಬೆರಳಿನ ಒಳಭಾಗದಿಂದ ಸಣ್ಣ ಸುತ್ತು ಹಾಕುತ್ತ, ಮೊದಲು ಹಗುರಾಗಿ, ಆಮೇಲೆ ಒತ್ತಿ, ಕತ್ತಿನ ಕೆಳಗಿನ ಅಡ್ಡ ಎಲುಬಿನಿಂದ ಕಂಕುಳದ ತನಕ ನೋಡಿ. ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಇವುಗಳಲ್ಲಿ ಒಂದಿದ್ದರೂ ಅದೇ ವಾರ ಡಾಕ್ಟರಿಗೆ ತೋರಿಸಿ. ಹರೆಯದವರ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ; ಮುಟ್ಟು ನಿಂತವರಲ್ಲಿ ಹೊಸ ಗಂಟು ಬಂದರೆ ಹಾಗೆಂದು ಬಿಡುವಂತಿಲ್ಲ. ಕೈಗೆ ಏನೂ ಸಿಗಲಿಲ್ಲವೆಂದು ಆರೋಗ್ಯ ಕೇಂದ್ರದ ಪರೀಕ್ಷೆಯನ್ನೂ ಬಿಡಬೇಡಿ.

ಡಾಕ್ಟರು ಮ್ಯಾಮೊಗ್ರಾಂ, ಅಂದರೆ ಮೊಲೆಯ ಎಕ್ಸ್‌ರೇ, ಬರೆದುಕೊಟ್ಟರೆ ಹೋಗಿ. ವಯಸ್ಸಾದಂತೆ ಎದೆಯ ಗಟ್ಟಿ ಅಂಗಾಂಶ ಕರಗಿ ಕೊಬ್ಬು ತುಂಬುವುದರಿಂದ ಚಿತ್ರ ಇನ್ನೂ ಸ್ಪಷ್ಟವಾಗಿ ಬರುತ್ತದೆ. ಸೂಜಿ ಚುಚ್ಚಿ ಗಂಟಿನ ಚೂರು ತೆಗೆದು ಪರೀಕ್ಷಿಸಿದರೆ (ಬಯಾಪ್ಸಿ) ಕ್ಯಾನ್ಸರ್ ಹರಡುತ್ತದೆಂಬ ಹೆದರಿಕೆಗೆ ನಮ್ಮ ಕಡೆ ಎಷ್ಟೋ ಜನ ಮನೆಯಲ್ಲೇ ಉಳಿದುಬಿಟ್ಟಿದ್ದಾರೆ. ಅದು ಸುಳ್ಳು. ದೊಡ್ಡಾಯಿಗೂ ಸೂಜಿ ಚುಚ್ಚಿದರು, ಆಪರೇಶನ್ ಆಯಿತು. ವಯಸ್ಸಾದವರಲ್ಲಿ ಹೆಚ್ಚಿನಂಶ ಬರುವುದು ಹಾರ್ಮೋನಿಗೆ ಸ್ಪಂದಿಸುವ ಗಡ್ಡೆ, ಅವಳದೂ ಅದೇ. ಈಗ ಆ ಹಾರ್ಮೋನನ್ನು ತಡೆಯಲು ದಿನಾ ಒಂದು ಮಾತ್ರೆ ನುಂಗುತ್ತಾಳೆ, ಅಂಗಳದಲ್ಲಿ ಅಡಿಕೆ ಸುಲಿಯುತ್ತಾಳೆ.

ಇನ್ನೊಂದು ಮಾತು. ಆಶಾ ಕಾರ್ಯಕರ್ತೆ ಫಾರ್ಮ್ ಹಿಡಿದು ಬಂದಾಗ ಎದೆಯ ಗಂಟಿನ ಪ್ರಶ್ನೆ ಅದರಲ್ಲಿ ಇರುತ್ತದೆ. ಸೊಸೆಯಾಗಲಿ ಮಗನಾಗಲಿ ಜಗಲಿಯಲ್ಲೇ "ಆಯಿಗೆ ಎಂತಾ ಇಲ್ಲೆ" ಎಂದು ಹೇಳಿ ಕಳಿಸಬೇಡಿ. ಕಾರ್ಯಕರ್ತೆಯನ್ನು ಅಡುಗೆಮನೆಗೆ ಕರೆಯಿರಿ, ಬಾಗಿಲು ಮುಂದೆ ಮಾಡಿ, ಆಯಿಯೇ ಉತ್ತರ ಹೇಳಲಿ.