ತವರೂರಿನ ದಫ್ತರದಲ್ಲಿ ತಂಗಿಯ ಜನನ ದಾಖಲೆ: ನನ್ನ ಅನುಭವ

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಗೆ ಗ್ರೀನ್ ಕಾರ್ಡ್ ಅರ್ಜಿಯ ಜೊತೆ ಸಲ್ಲಿಸಲು ಜನನ ಪ್ರಮಾಣಪತ್ರ ಬೇಕಾಯಿತು. ಅವಳು ಹುಟ್ಟಿದ್ದು 1977ರ ಡಿಸೆಂಬರ್ 22ರಂದು. ಶಾಲೆಯ ದಾಖಲೆಯಲ್ಲೂ ಪಾಸ್‌ಪೋರ್ಟಿನಲ್ಲೂ ಅದೇ ದಿನಾಂಕವಿದೆ. ಆದರೆ ಜನನ ಪ್ರಮಾಣಪತ್ರವನ್ನು ನಮ್ಮ ಮನೆಯಲ್ಲಿ ಯಾರೂ ಎಂದೂ ಪಡೆದಿರಲಿಲ್ಲ. 1989ರ ಜನವರಿ 26ಕ್ಕಿಂತ ಮೊದಲು ಹುಟ್ಟಿದವರು ಪಾಸ್‌ಪೋರ್ಟ್ ಮಾಡಿಸುವಾಗ ಶಾಲೆಯ ದಾಖಲೆಯನ್ನೇ ಕೊಡಬಹುದಾಗಿದ್ದರಿಂದ, ಅದರ ಅಗತ್ಯವೂ ನಮಗೆ ಬಂದಿರಲಿಲ್ಲ.

ನಾನು ಮೊದಲು ವಿಚಾರಿಸಿದ್ದು ನಾವು ಬೆಳೆದ ಊರಿನಲ್ಲಿ. ಅದು ನನ್ನ ಮೊದಲ ತಪ್ಪು. ಜನನವು ದಾಖಲಾಗುವುದು ಹೆರಿಗೆ ಆದ ಸ್ಥಳದಲ್ಲಿಯೇ ಹೊರತು ತಂದೆ-ತಾಯಿ ವಾಸವಿರುವ ಊರಿನಲ್ಲಿ ಅಲ್ಲ. ನಮ್ಮಲ್ಲಿ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ತಂಗಿಯೂ ಹುಟ್ಟಿದ್ದು ಅಮ್ಮನ ತವರಿನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಒಂದು ಹಳ್ಳಿಯ ಮನೆಯಲ್ಲಿ. ಹೀಗಾಗಿ ಶಿವಮೊಗ್ಗ ಜಿಲ್ಲೆಯ ನಮ್ಮ ಊರಿನ ಪುಸ್ತಕಗಳನ್ನು ಎಷ್ಟು ತಿರುವಿಹಾಕಿದರೂ ಅವಳ ಹೆಸರು ಸಿಗುವ ಸಂಭವವೇ ಇರಲಿಲ್ಲ. ರಾಜ್ಯ ಸರ್ಕಾರದ ಇ-ಜನ್ಮ ತಂತ್ರಾಂಶದಲ್ಲಿ ಹುಡುಕಿದ್ದೂ ಫಲ ಕೊಡಲಿಲ್ಲ; ಆ ಹಳ್ಳಿಯ ಅಷ್ಟು ಹಳೆಯ ದಾಖಲೆ ಇನ್ನೂ ಕಾಗದದಲ್ಲಿಯೇ ಇತ್ತು.

ಅಲ್ಲಿಂದ ಮುಂದೆ ನಾನು ಕಚೇರಿಗೆ ಅಲೆಯುವುದನ್ನು ನಿಲ್ಲಿಸಿ ಅಮ್ಮನ ಎದುರು ಕುಳಿತೆ. ಹೆರಿಗೆ ಯಾರ ಮನೆಯಲ್ಲಿ ಆಯಿತು, ಸುದ್ದಿಯನ್ನು ಬರೆಸಿದವರು ಯಾರು, ಬರೆದುಕೊಂಡವರು ಯಾರು, ಯಾವಾಗ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕಾಗಿತ್ತು. ಅಮ್ಮನಿಗೆ ಇಂಗ್ಲಿಷ್ ತಾರೀಖು ನೆನಪಿರಲಿಲ್ಲ. ವೈಕುಂಠ ಏಕಾದಶಿಯ ಉಪವಾಸದ ರಾತ್ರಿ, ಬೆಳಕು ಹರಿಯುವ ಮುಂಚೆ ಎಂದಷ್ಟೇ ಹೇಳಿದರು. ಅಜ್ಜನ ಲೆಕ್ಕದ ಪುಸ್ತಕದಲ್ಲಿ ‘ಪಿಂಗಳ ಸಂವತ್ಸರ, ಮಾರ್ಗಶಿರ ಶುದ್ಧ ಏಕಾದಶಿ, ಬುಧವಾರ’ ಎಂದಿತ್ತು. 1977ರ ಡಿಸೆಂಬರ್ 22 ಗುರುವಾರವಾದ್ದರಿಂದ ಇದನ್ನು ನೋಡಿ ನನಗೆ ಗಾಬರಿಯಾಯಿತು. ಆದರೆ ಪಂಚಾಂಗದ ದಿನ ಸೂರ್ಯೋದಯಕ್ಕೆ ಬದಲಾಗುತ್ತದೆ, ಸರ್ಕಾರದ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ. ಬೆಳಗಿನ ಜಾವ ಹುಟ್ಟಿದ ಮಗುವಿಗೆ ಅಜ್ಜನ ಬುಧವಾರವೂ ಪಾಸ್‌ಪೋರ್ಟಿನ ಗುರುವಾರವೂ ಒಂದೇ ರಾತ್ರಿ. ಮನೆಯ ಹಿರಿಯರ ಟಿಪ್ಪಣಿಯನ್ನು ಹಿಡಿದು ದಾಖಲೆ ಹುಡುಕುವವರು ಹಿಂದಿನ ಮತ್ತು ಮುಂದಿನ ಒಂದೊಂದು ದಿನವನ್ನೂ ನೋಡಲೇಬೇಕು.

ಅಮ್ಮ ಹೇಳಿದ ಇನ್ನೊಂದು ಮಾತಿನ ಮಹತ್ವ ನನಗೆ ಆಗ ತಿಳಿಯಲಿಲ್ಲ. ‘ಹೆಸರಿಟ್ಟ ಮೇಲೆ ಅಪ್ಪಯ್ಯ ಶಾನುಭೋಗರ ಹತ್ತಿರ ಹೋಗಿ ಬರೆಸಿ ಬಂದರು’ ಎಂದಿದ್ದರು. ಶಾನುಭೋಗಿಕೆ ಆ ಹೊತ್ತಿಗಾಗಲೇ ಹೋಗಿ ಗ್ರಾಮ ಲೆಕ್ಕಿಗರು ಬಂದಿದ್ದರೂ, ಹಳ್ಳಿಯ ಬಾಯಲ್ಲಿ ಹಳೆಯ ಹೆಸರೇ ಉಳಿದಿತ್ತು. ಈಗ ಅದೇ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿದೆ.

ಹಳ್ಳಿಯ ಹಳೆಯ ಜನನ-ಮರಣ ಪುಸ್ತಕಗಳು ಗ್ರಾಮ ಆಡಳಿತ ಅಧಿಕಾರಿಯ ಬಳಿ ಇರುವುದಿಲ್ಲ. ವರ್ಷ ಕಳೆದ ಮೇಲೆ ಅವು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಸೇರುತ್ತವೆ. ತರೀಕೆರೆಯಿಂದ ಅಜ್ಜಂಪುರ, ಮೂಡಿಗೆರೆಯಿಂದ ಕಳಸ ಬೇರೆಯಾದಂತೆ ಈಚಿನ ವರ್ಷಗಳಲ್ಲಿ ಹೊಸ ತಾಲ್ಲೂಕುಗಳಾಗಿರುವ ಕಡೆ, ಹಳೆಯ ದಫ್ತರ ಯಾವ ಕಚೇರಿಯಲ್ಲಿ ಉಳಿದಿದೆ ಎಂಬುದನ್ನು ಮೊದಲೇ ಕೇಳಿಕೊಂಡು ಹೊರಡುವುದು ಕ್ಷೇಮ. ಪಟ್ಟಣದಲ್ಲಿ ಹುಟ್ಟಿದವರಾದರೆ ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆಯನ್ನು ಕೇಳಬೇಕು.

ತಂಗಿ ದೂರದೇಶದಲ್ಲಿರುವಾಗ ಅವಳ ದಾಖಲೆಯನ್ನು ನನಗೆ ಕೊಡುತ್ತಾರೆಯೇ ಎಂಬ ಅಳುಕು ನನಗಿತ್ತು. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದ 17ನೇ ಪ್ರಕರಣದ ಪ್ರಕಾರ ಯಾವುದೇ ವ್ಯಕ್ತಿ ನಿಗದಿತ ಶುಲ್ಕ ಕಟ್ಟಿ ನಮೂದನ್ನು ಹುಡುಕಿಸಬಹುದು, ಜನನ ಪ್ರಮಾಣಪತ್ರವನ್ನೂ ಪಡೆಯಬಹುದು. ಅರ್ಜಿಯಲ್ಲಿ ಮಗುವಿನ ಹೆಸರು, ತಂದೆ-ತಾಯಿಯ ಹೆಸರು, ಗ್ರಾಮ, ಹೋಬಳಿ, ಜನನ ದಿನಾಂಕ, ಮನೆಯಲ್ಲಿ ಆದ ಹೆರಿಗೆ ಎಂಬ ವಿವರ ಬರೆದು, ತಂಗಿಯ ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಯ ಪ್ರತಿಗಳನ್ನೂ ನನ್ನ ಗುರುತಿನ ಚೀಟಿಯ ಪ್ರತಿಯನ್ನೂ ಲಗತ್ತಿಸಿದೆ.

ಎರಡನೆಯ ಭೇಟಿಯಲ್ಲಿ ಸಿಕ್ಕ ಉತ್ತರ, 1977ರ ಪುಸ್ತಕದಲ್ಲಿ ಅಂತಹ ನಮೂದು ಇಲ್ಲ, ಬೇಕಾದರೆ ನಮೂನೆ 10ರಲ್ಲಿ ಅಲಭ್ಯತಾ ಪ್ರಮಾಣಪತ್ರ ಕೊಡುತ್ತೇವೆ ಎಂಬುದು. ಹಲವರು ಇಲ್ಲಿಗೇ ನಿಲ್ಲುತ್ತಾರೆ. ಅಲಭ್ಯತಾ ಪತ್ರ ಹಿಡಿದುಕೊಂಡು 13(3)ನೇ ಪ್ರಕರಣದ ಕೆಳಗೆ ತಡವಾದ ನೋಂದಣಿಗೆ ಹೋಗುತ್ತಾರೆ. ಒಂದು ವರ್ಷ ಮೀರಿದ ಜನನಕ್ಕೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ನಿಜವಾಗಿಯೂ ನೋಂದಣಿ ಆಗದವರಿಗೆ ಇದು ಸರಿಯಾದ ದಾರಿ. ಆದರೆ ಹಳೆಯ ನಮೂದು ಪುಸ್ತಕದಲ್ಲಿ ಮಲಗಿರುವಾಗಲೇ ಹೊಸದೊಂದನ್ನು ಮಾಡಿಸಿದರೆ ಒಬ್ಬರಿಗೇ ಎರಡು ಜನನ ದಾಖಲೆಗಳಾಗುತ್ತವೆ, ಅದರ ತೊಡಕು ಮುಂದೆ ಮಕ್ಕಳವರೆಗೂ ಬರಬಹುದು. ಆದ್ದರಿಂದ ನಾನು ಅಲಭ್ಯತಾ ಪತ್ರವನ್ನು ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅಮ್ಮನ ಮಾತು ನೆನಪಾಯಿತು. ಹೆಸರಿಟ್ಟ ಮೇಲೆ ಬರೆಸಿದ್ದು! ಡಿಸೆಂಬರ್ 22ರಿಂದ ಹನ್ನೆರಡನೆಯ ದಿನ, ಅಂದರೆ ನಾಮಕರಣದ ದಿನ, 1978ರ ಜನವರಿ 2. ನೋಂದಣಿ ಪುಸ್ತಕ ಇಡುವುದು ಕ್ಯಾಲೆಂಡರ್ ವರ್ಷದ ಪ್ರಕಾರ; ಜನವರಿ 1ಕ್ಕೆ ಹೊಸ ಪುಸ್ತಕ, ಹೊಸ ಕ್ರಮಸಂಖ್ಯೆ ಆರಂಭವಾಗುತ್ತದೆ, ಮತ್ತು ನಮೂದುಗಳು ಹುಟ್ಟಿದ ದಿನದ ಕ್ರಮದಲ್ಲಿರದೆ ಬರೆಸಿದ ದಿನದ ಕ್ರಮದಲ್ಲಿರುತ್ತವೆ. ಮುಂದಿನ ವಾರ 1978ರ ಪುಸ್ತಕವನ್ನೂ ಹುಡುಕಬೇಕೆಂದು ಹೊಸದಾಗಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದೆ. ದಾಖಲೆ ಕೊಠಡಿಯ ಸಿಬ್ಬಂದಿ ತಾಳ್ಮೆಯಿಂದ ಆ ಕಟ್ಟನ್ನು ಬಿಚ್ಚಿದರು. ಮೊದಲ ಪುಟದಲ್ಲೇ, ಮಾಸಿದ ನೀಲಿ ಶಾಯಿಯಲ್ಲಿ, ತಂಗಿಯ ಹೆಸರಿತ್ತು. ಸುದ್ದಿ ಕೊಟ್ಟವರ ಕಲಂನಲ್ಲಿ ಅಜ್ಜನ ಸಹಿಯಿತ್ತು. ಅದನ್ನು ನೋಡಿದಾಗ ನನಗೆ ಮಾತು ಹೊರಡಲಿಲ್ಲ. ಆ ಕಾಲದ ಎಷ್ಟೋ ನಮೂದುಗಳಲ್ಲಿ ‘ಹೆಣ್ಣು’ ಅಥವಾ ‘ಗಂಡು’ ಎಂದಷ್ಟೇ ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿರುತ್ತಾರೆ. ಅಜ್ಜ ನಾಮಕರಣದವರೆಗೆ ಕಾದದ್ದರಿಂದಲೇ ನಮೂದು ಬೇರೆ ವರ್ಷದ ಪುಸ್ತಕಕ್ಕೆ ಹೋಗಿತ್ತು, ಅದೇ ಕಾರಣದಿಂದ ಹೆಸರೂ ಸೇರಿತ್ತು.

ಒಂದು ತೊಡಕು ಉಳಿದಿತ್ತು. ಬರೆಸಿದವರು ಅಜ್ಜನಾದ್ದರಿಂದ ತಾಯಿಯ ಹೆಸರಿನ ಕಲಂನಲ್ಲಿ ಅಮ್ಮನ ತವರಿನ ಹೆಸರಿತ್ತು. ಮದುವೆಯಲ್ಲಿ ಬದಲಾಯಿಸಿದ ಹೆಸರು ತಂಗಿಯ ಪಾಸ್‌ಪೋರ್ಟಿನಲ್ಲಿದೆ. 15ನೇ ಪ್ರಕರಣದಲ್ಲಿ ತಪ್ಪನ್ನು ತಿದ್ದಲು ಅವಕಾಶವಿದೆ: ವಿಷಯ ಬಲ್ಲ ಇಬ್ಬರು ವಿಶ್ವಾಸಾರ್ಹ ವ್ಯಕ್ತಿಗಳ ಘೋಷಣೆ ಪಡೆದು, ಮೂಲ ಬರಹವನ್ನು ಮುಟ್ಟದೆ, ಅಂಚಿನಲ್ಲಿ ತಿದ್ದುಪಡಿ ಬರೆದು ನೋಂದಣಾಧಿಕಾರಿ ದಿನಾಂಕದೊಂದಿಗೆ ಸಹಿ ಮಾಡುತ್ತಾರೆ. ಆದರೆ ಅಜ್ಜ ತಮ್ಮ ಮಗಳನ್ನು ಕರೆಯುತ್ತಿದ್ದ ಹೆಸರು ತಪ್ಪಾಗಿರಲಿಲ್ಲ ಎಂದು ನನಗೆ ಅನಿಸಿತು. ನಮೂದನ್ನು ಹಾಗೆಯೇ ಬಿಟ್ಟು, ಎರಡೂ ಹೆಸರುಗಳು ತನ್ನವೇ ಎಂದು ಅಮ್ಮನಿಂದ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿಯ ಮುಂದೆ ಸಹಿ ಹಾಕಿಸಿದೆ.

ಜನನ ಪ್ರಮಾಣಪತ್ರವನ್ನು ನಮೂನೆ 5ರಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕೊಡಬೇಕೆಂದು ಅರ್ಜಿಯಲ್ಲೇ ಕೇಳಿಕೊಂಡಿದ್ದೆ. ಅಮೆರಿಕದ ವಲಸೆ ಇಲಾಖೆಗೆ ಬೇರೆ ಭಾಷೆಯ ದಾಖಲೆ ಕೊಟ್ಟರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡಬೇಕಾಗುತ್ತದೆ. ಮೂಲ ಪುಸ್ತಕದಲ್ಲಿ ಕನ್ನಡ ಮಾತ್ರ ಇರುವುದರಿಂದ ಇಂಗ್ಲಿಷ್ ಅಕ್ಷರಗಳು ಮೊದಲ ಬಾರಿಗೆ ನಿಗದಿಯಾಗುವುದು ಪ್ರತಿಯನ್ನು ಸಿದ್ಧಪಡಿಸುವವರ ಮೇಜಿನ ಮೇಲೆ. ಹಾಗಾಗಿ ಪಾಸ್‌ಪೋರ್ಟಿನಲ್ಲಿರುವಂತೆ ತಂಗಿಯ ಮತ್ತು ತಂದೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಕೊಟ್ಟೆ. ಸಹಿ ಆಗುವ ಮುನ್ನ ಕರಡನ್ನು ತೋರಿಸುವಂತೆ ವಿನಂತಿಸಿಕೊಂಡೆ. ತಂದೆಯ ಹೆಸರಿನಲ್ಲಿ ಒಂದಕ್ಷರ ಹೆಚ್ಚಾಗಿ ಸೇರಿದ್ದು ಆಗಲೇ ಕಂಡು ಸರಿಯಾಯಿತು. ಒಟ್ಟು ಮೂರು ಪ್ರತಿಗಳನ್ನು ಪಡೆದು, ಒಂದನ್ನು ಅಮ್ಮನ ಅಫಿಡವಿಟ್ಟಿನ ಜೊತೆ ತಂಗಿಗೆ ಕಳುಹಿಸಿದೆ. ನೋಂದಣಿ ಸಂಖ್ಯೆಯನ್ನೂ 1978 ಎಂಬ ಪುಸ್ತಕದ ವರ್ಷವನ್ನೂ ಅಜ್ಜನ ಲೆಕ್ಕದ ಪುಸ್ತಕದಲ್ಲಿ ಅವರ ಟಿಪ್ಪಣಿಯ ಕೆಳಗೆ ಬರೆದಿಟ್ಟಿದ್ದೇನೆ. ಮುಂದೆ ಇನ್ನೊಂದು ಪ್ರತಿ ಬೇಕಾದರೆ ಅಷ್ಟೇ ಹೇಳಿದರೆ ಸಾಕು.